ಬಿಸಿನೀರಿನಲ್ಲಿ ಕರಗುವ ಹಳದಿ

"ಗುರುಗಳೇ, ಕೀ ಉತ್ತರ ತಪ್ಪು ಎಂದು ನನಗೆ ಗೊತ್ತಿದೆ. ಹಾಗಿರುವಾಗ ಪರೀಕ್ಷೆಯಲ್ಲಿ ಯಾವುದಕ್ಕೆ ಗುರುತು ಹಾಕಲಿ? ಸರಿಯಾದದ್ದಕ್ಕೋ, ಅಂಕ ಸಿಗುವುದಕ್ಕೋ?"

ಹೀಗೆ ಕೇಳಿದವಳು ತನುಜಾ. ಪ್ರವೇಶ ಪರೀಕ್ಷೆಗೆ ಓದುತ್ತಿದ್ದಳು. ಮೂರು ತಿಂಗಳಿಂದ ಅವಳು ನಿರವಯವ ರಸಾಯನಶಾಸ್ತ್ರವನ್ನು ಬಾಯಿಪಾಠ ಮಾಡುತ್ತಿದ್ದಳು. ಯಾವ ಲವಣಕ್ಕೆ ಯಾವ ಬಣ್ಣ, ಯಾವ ಲೋಹ ಯಾವ ಆಮ್ಲಕ್ಕೆ ಬಗ್ಗುತ್ತದೆ, ಯಾವುದು ನೀರಿನಲ್ಲಿ ಕರಗುತ್ತದೆ, ಯಾವುದು ಕರಗುವುದಿಲ್ಲ. ಆ ದಿನ ಬಿಡಿಸಿದ ಮಾದರಿ ಪ್ರಶ್ನೆಪತ್ರಿಕೆಯಲ್ಲಿ ಒಂದು ಕೀ ಉತ್ತರ ತಪ್ಪಾಗಿತ್ತು. ವಾದ ಮಾಡಬೇಡ, ಅವರು ಕೊಟ್ಟದ್ದನ್ನೇ ಕಲಿತುಕೋ ಎಂದು ಜೊತೆಯವರು ಹೇಳಿದ್ದರು. ಅವಳಿಗೆ ಸಿಟ್ಟು ಬಂದಿತ್ತು. ಸಿಟ್ಟಿನ ಒಳಗೆ ಹೆದರಿಕೆಯೂ ಇತ್ತು.

ಗುರುಗಳು ಮೂವತ್ತು ವರ್ಷ ರಸಾಯನಶಾಸ್ತ್ರ ಕಲಿಸಿ ನಿವೃತ್ತರಾದವರು. ಈಗ ಮನೆಯ ಪಡಸಾಲೆಯಲ್ಲಿ ನಾಲ್ಕಾರು ಮಕ್ಕಳಿಗೆ ಹೇಳಿಕೊಡುತ್ತಿದ್ದರು. ಅವರು ತನುಜಾಳ ಪ್ರಶ್ನೆಪತ್ರಿಕೆಯನ್ನು ನೋಡಲಿಲ್ಲ. ಅದನ್ನು ಮಡಿಸಿಡು ಎಂದರು. ಆಮೇಲೆ ಹೇಳತೊಡಗಿದರು.

ಒಂದು ಊರಿನ ಕಾಲೇಜಿನಲ್ಲಿ ಸಾವಂತ್ರಿ ಎಂಬ ನನ್ನ ಪರಿಚಯದ ಹೆಂಗಸು ಕೆಲಸಕ್ಕಿದ್ದಳು. ರಸಾಯನಶಾಸ್ತ್ರದ ಲ್ಯಾಬಿನಲ್ಲಿ ಟೆಸ್ಟ್ ಟ್ಯೂಬ್ ತೊಳೆಯುವುದು ಅವಳ ಕೆಲಸ. ಹಂಗಾಮಿ ನೌಕರಿ. ಒಂಬತ್ತು ವರ್ಷವಾದರೂ ಅದು ಹಂಗಾಮಿಯಾಗಿಯೇ ಇತ್ತು. ಪಿಯುಸಿಯಲ್ಲಿ ವಿಜ್ಞಾನ ಓದಿ ಪಾಸಾಗಿದ್ದಳು. ಆಮೇಲೆ ಮದುವೆ, ಎರಡು ಹೆರಿಗೆ. ಓದಿದ್ದೆಲ್ಲ ಮರೆತುಹೋಗಿತ್ತು.

ದಿನಕ್ಕೆ ಇನ್ನೂರು ಮುನ್ನೂರು ಟ್ಯೂಬು ತೊಳೆಯಬೇಕು. ಎಲ್ಲ ಕಲೆಯೂ ಒಂದೇ ನೀರಿಗೆ ಹೋಗುವುದಿಲ್ಲ. ಮೊದಮೊದಲು ಬ್ರಷ್ಷು ಹಾಕಿ ತಿಕ್ಕಿ ತಿಕ್ಕಿ ಕೈ ಸೋಲುತ್ತಿತ್ತು. ಕ್ರಮೇಣ ತಾನಾಗಿಯೇ ಕಂಡುಕೊಂಡಳು. ಕಬ್ಬಿಣದ ಕಂದು ಕಲೆಗೆ ತಿಳಿ ಹೈಡ್ರೊಕ್ಲೋರಿಕ್ ಆಮ್ಲ ನಾಲ್ಕು ಹನಿ ಸಾಕು. ಮ್ಯಾಂಗನೀಸಿನ ಕಪ್ಪುಗಂದು ಅದಕ್ಕೆ ಜಗ್ಗುವುದಿಲ್ಲ, ಆಕ್ಸಾಲಿಕ್ ಆಮ್ಲವೇ ಬೇಕು. ಬೆಳ್ಳಿಯ ಬಿಳಿ ಪುಡಿ ಅಮೋನಿಯಾ ಹಾಕಿದರೆ ಮಾಯ. ಸೀಸದ ಬಿಳಿ ಪುಡಿಗೆ ಬರೀ ಬಿಸಿನೀರು ಸಾಕು. ಹಳದಿ ಪುಡಿಗಳಲ್ಲಿ ಒಂದು ಮಾತ್ರ ಬಿಸಿನೀರಿಗೆ ಹೋಗುತ್ತದೆ, ಉಳಿದವು ಹೋಗುವುದಿಲ್ಲ. ಇವನ್ನೆಲ್ಲ ಅವಳಿಗೆ ಯಾರೂ ಹೇಳಿಕೊಟ್ಟದ್ದಲ್ಲ. ಬೇಗ ಕೆಲಸ ಮುಗಿಸಿ ಮನೆ ಸೇರಬೇಕೆಂಬ ಅವಸರ ಕಲಿಸಿದ್ದು.

ಒಂದು ದಿನ ಪ್ರಾಯೋಗಿಕ ಪರೀಕ್ಷೆ ನಡೆಯುತ್ತಿತ್ತು. ಲವಣದ ಡಬ್ಬಿಗಳ ಚೀಟಿ ಕಿತ್ತುಹೋಗಿ, ಯಾವುದು ಯಾವುದು ಎಂದು ಉಪನ್ಯಾಸಕರಿಗೆ ತಿಳಿಯದಾಯಿತು. ಅವರು ಒಂದಷ್ಟನ್ನು ಟ್ಯೂಬಿಗೆ ಹಾಕಿ ಏನೇನೋ ಬೆರೆಸಿ ನೋಡುತ್ತಿದ್ದರು. ಬಿಳಿ ಪುಡಿ ತಳಕ್ಕಿಳಿಯಿತು. ಬೆಳ್ಳಿಯೋ ಸೀಸವೋ ಎಂದು ತಮ್ಮಲ್ಲೇ ಮಾತಾಡಿಕೊಂಡರು. ಪಕ್ಕದಲ್ಲಿ ನಿಂತಿದ್ದ ಸಾವಂತ್ರಿ, ಅದು ಸೀಸ, ಬಿಸಿ ಮಾಡಿದರೆ ಗೊತ್ತಾಗುತ್ತದೆ ಎಂದಳು.

ಉಪನ್ಯಾಸಕರು ತಿರುಗಿ ನೋಡಿದರು. ವಿದ್ಯಾರ್ಥಿಗಳೂ ನೋಡಿದರು.

"ತೊಳೆಯೋದು ನಿನ್ನ ಕೆಲಸ. ಹೇಳೋದು ನಮ್ಮ ಕೆಲಸ" ಎಂದರು ಉಪನ್ಯಾಸಕರು.

ಅವರು ಕೆಟ್ಟವರಲ್ಲ. ಮಕ್ಕಳ ಎದುರು ಮುಖಭಂಗವಾಯಿತೆಂದು ಆಡಿದ ಮಾತು. ಆ ಡಬ್ಬಿ ಸೀಸದ್ದೇ ಆಗಿತ್ತು. ಅದನ್ನು ಅವರು ಆಮೇಲೆ ಚೀಟಿಯ ಮೇಲೆ ಬರೆದರು, ಅವಳಿಗೆ ಹೇಳಲಿಲ್ಲ. ಅದೇ ವಾರ ಲ್ಯಾಬ್ ಸಹಾಯಕರ ಹುದ್ದೆಗೆ ಅರ್ಜಿ ಕರೆದಿದ್ದರು. ಸಾವಂತ್ರಿ ಅರ್ಜಿ ಹಾಕಿದಳು. ಲ್ಯಾಬ್ ಸಹಾಯಕರೆಂದರೆ ದ್ರಾವಣ ಸಿದ್ಧಮಾಡುವವರು, ಡಬ್ಬಿಗೆ ಚೀಟಿ ಹಚ್ಚುವವರು, ಮಕ್ಕಳಿಗೆ ಹೇಳುವವರು.

ಆ ಹುದ್ದೆಗೆ ಒಂದು ಪರೀಕ್ಷೆ. ನೂರು ಪ್ರಶ್ನೆ, ಪ್ರತಿಯೊಂದಕ್ಕೂ ನಾಲ್ಕು ಉತ್ತರ. ಒಂದಕ್ಕೆ ಗುರುತು ಹಾಕಬೇಕು. ಸಾವಂತ್ರಿ ಧೈರ್ಯವಾಗಿಯೇ ಹೋದಳು. ಮೂವತ್ತೆಂಟು ಅಂಕ ಬಂತು.

ಕಾರಣ ಅವಳಿಗೇ ತಿಳಿದಿತ್ತು. ಅವಳಿಗೆ ಕಲೆಗಳು ಗೊತ್ತು, ಪುಸ್ತಕದ ಹೆಸರುಗಳು ಗೊತ್ತಿಲ್ಲ. ಪ್ರಶ್ನೆಪತ್ರಿಕೆಯಲ್ಲಿ ಕಲೆ ಇರುವುದಿಲ್ಲ, ಬರೀ ಹೆಸರು ಇರುತ್ತದೆ. ಕೈಗೆ ಪರಿಚಯವಿದ್ದ ವಸ್ತುವೇ ಕಾಗದದ ಮೇಲೆ ಸಂಕೇತವಾಗಿ ಬಂದಾಗ ಅವಳು ಅದನ್ನು ಗುರುತಿಸಲಿಲ್ಲ. ಇದರಲ್ಲಿ ಪರೀಕ್ಷೆಯ ತಪ್ಪಿಲ್ಲ ಎಂದುಕೊಂಡಳು. ಹೆಸರು ಗೊತ್ತಿಲ್ಲದವಳು ಚೀಟಿ ಹೇಗೆ ಹಚ್ಚುತ್ತಾಳೆ?

ಅದೇ ಕಾಲೇಜಿನ ಗ್ರಂಥಾಲಯದಲ್ಲಿ ನೀಲಗಂಗಾ ಎಂಬ ಇನ್ನೊಬ್ಬಳು ಹಂಗಾಮಿಯಾಗಿ ಇದ್ದಳು. ಸಾವಂತ್ರಿಗಿಂತ ಆರೇಳು ವರ್ಷಕ್ಕೆ ಚಿಕ್ಕವಳು. ಅವಳೂ ಆ ಪರೀಕ್ಷೆ ಬರೆದಿದ್ದಳು, ಸ್ವಲ್ಪದರಲ್ಲಿ ಆಯ್ಕೆ ತಪ್ಪಿತ್ತು. ಅವಳ ನೆನಪಿನ ಶಕ್ತಿ ದೊಡ್ಡದು. ಒಂದು ಸಲ ಓದಿದ್ದನ್ನು ಬಿಡುತ್ತಿರಲಿಲ್ಲ. ಮುಂದಿನ ಸಲ ಇಬ್ಬರೂ ಕೂಡಿ ಓದೋಣ ಎಂದು ಅವಳೇ ಬಂದು ಕರೆದಳು.

ಮಧ್ಯಾಹ್ನದ ಊಟದ ಬಿಡುವಿನಲ್ಲಿ ಇಬ್ಬರೂ ಲ್ಯಾಬಿನ ಹಿಂದಿನ ಮೆಟ್ಟಿಲ ಮೇಲೆ ಕೂರುತ್ತಿದ್ದರು. ರೊಟ್ಟಿ ತಿನ್ನುತ್ತ ನೀಲಗಂಗಾ ಕೇಳುವಳು, ಸಾವಂತ್ರಿ ಹೇಳುವಳು. ತಪ್ಪಿದರೆ ನೀಲಗಂಗಾ ಬಿಡುತ್ತಿರಲಿಲ್ಲ, ಮತ್ತೆ ಹೇಳಿಸುತ್ತಿದ್ದಳು. ಧಾತುಗಳ ಸಾಲನ್ನು ಹಾಡಿನಂತೆ ಕಟ್ಟಿಕೊಟ್ಟಳು. ಒಂದನೆಯ ಗುಂಪು, ಎರಡನೆಯ ಗುಂಪು, ಹದಿನೇಳನೆಯ ಗುಂಪು. ಸಾವಂತ್ರಿ ಟ್ಯೂಬು ತೊಳೆಯುತ್ತ ಅದನ್ನೇ ಗುನುಗುತ್ತಿದ್ದಳು. ಆರು ತಿಂಗಳಲ್ಲಿ ಒಂದೊಂದು ಕಲೆಗೂ ಒಂದೊಂದು ಹೆಸರು ಕೂಡಿಕೊಂಡಿತು. ಬಿಸಿನೀರಿಗೆ ಹೋಗುವ ಹಳದಿಯ ಹೆಸರು ಲೆಡ್ ಅಯೊಡೈಡ್. ಹೋಗದ ಹಳದಿಗಳು ಸಿಲ್ವರ್ ಅಯೊಡೈಡ್, ಲೆಡ್ ಕ್ರೋಮೇಟ್. ಬಾಯಿಪಾಠವನ್ನು ಹೀನಾಯ ಮಾಡುವವರನ್ನು ನಾನು ಬಹಳ ಕಂಡಿದ್ದೇನೆ. ಸಾವಂತ್ರಿ ಹಾಗೆ ಮಾಡಲಿಲ್ಲ. ನೀಲಗಂಗಾ ಇಲ್ಲದಿದ್ದರೆ ತಾನು ಮೂವತ್ತೆಂಟರಲ್ಲೇ ಇರುತ್ತಿದ್ದೆ ಎಂದು ಎಲ್ಲರ ಎದುರೂ ಹೇಳುತ್ತಿದ್ದಳು.

ಅವರ ಹತ್ತಿರ ಒಂದು ಗೈಡ್ ಇತ್ತು. ಆ ಪರೀಕ್ಷೆಗೆ ಕೂರುವವರೆಲ್ಲ ಓದುತ್ತಿದ್ದುದು ಅದನ್ನೇ. ಅದರಲ್ಲಿ ನೆನಪಿಗೆಂದು ಸಣ್ಣ ಸಣ್ಣ ಸಾಲುಗಳಿದ್ದವು. ಒಂದು ಸಾಲು ಹೀಗಿತ್ತು: ಹಳದಿ ಹಟಮಾರಿ, ಕಾಸಿದರೂ ಕರಗದು. ಅಂದರೆ, ಹಳದಿ ಬಣ್ಣದ ಯಾವ ಪ್ರಕ್ಷೇಪವೂ, ತಳಕ್ಕಿಳಿಯುವ ಯಾವ ಹಳದಿ ಪುಡಿಯೂ, ಬಿಸಿನೀರಿನಲ್ಲಿ ಕೂಡ ಕರಗುವುದಿಲ್ಲ.

ನೀಲಗಂಗಾ ಆ ಸಾಲನ್ನು ಹೇಳಿಸಿದಾಗ ಸಾವಂತ್ರಿ ಹೇಳಲಿಲ್ಲ. ಇದು ತಪ್ಪು, ಒಂದು ಹಳದಿ ಕರಗುತ್ತದೆ ಎಂದಳು. ನೀಲಗಂಗಾ ನಂಬಲಿಲ್ಲ. ಸಾವಂತ್ರಿ ಅವಳನ್ನು ಲ್ಯಾಬಿಗೆ ಕರೆದುಕೊಂಡು ಹೋದಳು. ಬೆಳಗಿನ ತರಗತಿಯವರು ಬಿಟ್ಟುಹೋದ ಟ್ಯೂಬೊಂದನ್ನು ತೆಗೆದಳು. ತಳದಲ್ಲಿ ಹಳದಿ ಪುಡಿ ಇತ್ತು. ಚಿಟಿಕೆಯಷ್ಟನ್ನು ಬೇರೆ ಟ್ಯೂಬಿಗೆ ಹಾಕಿ, ನೀರು ತುಂಬಿ, ದೀಪದ ಮೇಲೆ ಹಿಡಿದಳು. ನೀರು ಕುದಿಯಿತು. ಹಳದಿ ಹೋಯಿತು. ಬರೀ ನೀರು ಉಳಿಯಿತು.

ನೀಲಗಂಗಾ ಬಹಳ ಹೊತ್ತು ನೋಡಿದಳು. ಹೌದು, ಕರಗಿತು ಎಂದು ಒಪ್ಪಿದಳು. ಆಮೇಲೆ ಹೇಳಿದಳು:

"ಅಕ್ಕಾ, ಪರೀಕ್ಷಿ ನೀರು ಕಾಸೂದಿಲ್ಲ. ಗೈಡಿನ್ಯಾಗ ಏನೈತಿ ಅದಕ್ಕ ಗುರುತು ಹಾಕು."

ಅವಳು ಹೇಳಿದ್ದರಲ್ಲಿ ಲೆಕ್ಕಾಚಾರವಿತ್ತು. ಪ್ರಶ್ನೆ ತೆಗೆಯುವವರೂ ಗೈಡ್ ನೋಡಿಯೇ ತೆಗೆಯುತ್ತಾರೆ. ಅವರ ಹತ್ತಿರ ಏನು ಇರುತ್ತದೋ ಅದನ್ನು ಕೊಟ್ಟರೆ ಅಂಕ ಬರುತ್ತದೆ. ಮೊದಲು ಕೆಲಸ ಹಿಡಿಯೋಣ, ಸರಿ ತಪ್ಪು ಆಮೇಲೆ ನೋಡೋಣ. ಸಾವಂತ್ರಿ ಟ್ಯೂಬನ್ನು ತೊಳೆದಿಟ್ಟಳು. ಇಬ್ಬರೂ ಮುಂದಿನ ಪುಟಕ್ಕೆ ಹೋದರು.

ಪರೀಕ್ಷೆ ಬಂತು. ಅರುವತ್ತೇಳನೆಯ ಪ್ರಶ್ನೆ ಅದೇ ಆಗಿತ್ತು. ಈ ಕೆಳಗಿನ ಹಳದಿ ಪ್ರಕ್ಷೇಪಗಳಲ್ಲಿ ಕುದಿಯುವ ನೀರಿನಲ್ಲಿ ಕರಗುವುದು ಯಾವುದು? ಲೆಡ್ ಕ್ರೋಮೇಟ್, ಸಿಲ್ವರ್ ಅಯೊಡೈಡ್, ಲೆಡ್ ಅಯೊಡೈಡ್, ಯಾವುದೂ ಅಲ್ಲ.

ನೀಲಗಂಗಾ 'ಯಾವುದೂ ಅಲ್ಲ' ಎಂಬುದಕ್ಕೆ ಗುರುತು ಹಾಕಿದಳು. ಅವಳು ಕಣ್ಣಾರೆ ಕಂಡಿದ್ದಳು, ಆದರೂ ಹಾಕಿದಳು. ಸಾವಂತ್ರಿಯ ಪೆನ್ನು ಒಂದು ನಿಮಿಷ ನಿಂತಿತು. ಒಂದೊಂದು ಅಂಕಕ್ಕೂ ನೂರಾರು ಜನ ಕಾದಿದ್ದಾರೆಂದು ಅವಳಿಗೆ ತಿಳಿದಿತ್ತು. ಗೈಡಿನ ಸಾಲು ಕಿವಿಯಲ್ಲಿ ಕೇಳುತ್ತಿತ್ತು. ಅವಳು ಲೆಡ್ ಅಯೊಡೈಡಿಗೆ ಗುರುತು ಹಾಕಿದಳು.

ಎರಡು ವಾರದ ಮೇಲೆ ಕೀ ಉತ್ತರ ಪ್ರಕಟವಾಯಿತು. ಅರುವತ್ತೇಳಕ್ಕೆ ಸರಿಯುತ್ತರ 'ಯಾವುದೂ ಅಲ್ಲ' ಎಂದಿತ್ತು. ಆಕ್ಷೇಪಣೆ ಇದ್ದವರು ಬರೆದು ತಿಳಿಸಬಹುದು ಎಂದು ಕೆಳಗೆ ಒಂದು ಸಾಲು ಇತ್ತು. ಸಾವಂತ್ರಿ ಬರೆದಳು. ಇನ್ನೂ ಮೂರು ನಾಲ್ಕು ಜನ ಬರೆದಿದ್ದರಂತೆ. ಪರೀಕ್ಷೆ ನಡೆಸಿದ ಮಂಡಳಿಯವರು ಒಂದು ದಾರಿ ಹುಡುಕಿದರು. ಯಾವುದು ಸರಿ ಎಂದು ನೋಡುವುದಕ್ಕೆ ತಜ್ಞರು ಬೇಕು, ಸಭೆ ಸೇರಬೇಕು. ಎಲ್ಲರಿಗೂ ಒಂದು ಅಂಕ ಕೊಡುವುದಕ್ಕೆ ಏನೂ ಬೇಡ. ಹೀಗಾಗಿ, ಅರುವತ್ತೇಳನೆಯ ಪ್ರಶ್ನೆ ದೋಷಪೂರಿತವಾಗಿರುವುದರಿಂದ ಎಲ್ಲ ಅಭ್ಯರ್ಥಿಗಳಿಗೂ ಒಂದು ಕೃಪಾಂಕ ನೀಡಲಾಗಿದೆ ಎಂದು ಪ್ರಕಟಿಸಿದರು.

ಆಯ್ಕೆಯ ಪಟ್ಟಿ ಬಂತು. ಹನ್ನೆರಡು ಹೆಸರಿದ್ದವು. ಸಾವಂತ್ರಿಯದು ಹತ್ತನೆಯದು. ನೀಲಗಂಗಾಳದು ಹನ್ನೆರಡನೆಯದು.

ನೀಲಗಂಗಾ ಗ್ರಂಥಾಲಯದಿಂದ ಓಡಿಬಂದು ಅವಳನ್ನು ತಬ್ಬಿಕೊಂಡಳು. ಸಾವಂತ್ರಿಯ ಕೈ ಒದ್ದೆ ಇತ್ತು. ಒದ್ದೆ ಕೈಯಲ್ಲೇ ಅವಳ ಮುಖ ಹಿಡಿದಳು. ಇಬ್ಬರೂ ಅತ್ತರು. ಪಟ್ಟಿಯ ಮೇಲೆ ಆಕ್ಷೇಪಣೆಗೆ ಒಂದು ತಿಂಗಳು ಅವಕಾಶ, ಅದು ಮುಗಿದ ಮೇಲೆ ನೇಮಕದ ಆದೇಶ ಬರುತ್ತದೆ ಎಂದರು.

ಆ ತಿಂಗಳಲ್ಲಿ ಒಂದು ದಿನ ಸಾವಂತ್ರಿ ಎಂದಿನಂತೆ ಸಿಂಕಿನ ಮುಂದೆ ನಿಂತಿದ್ದಳು. ಪಕ್ಕದ ಕೋಣೆಯಲ್ಲಿ ಹೊಸ ತರಗತಿಗೆ ಪಾಠ ನಡೆಯುತ್ತಿತ್ತು. ಉಪನ್ಯಾಸಕರು ಹೇಳಿಸುತ್ತಿದ್ದರು, ಮಕ್ಕಳು ಒಂದೇ ದನಿಯಲ್ಲಿ ಹೇಳುತ್ತಿದ್ದರು. ಹಳದಿ ಹಟಮಾರಿ, ಕಾಸಿದರೂ ಕರಗದು. ಯಾರೋ ಒಬ್ಬ ಹುಡುಗಿ, ಮೊನ್ನೆಯ ಪರೀಕ್ಷೆಯಲ್ಲಿ ಇದು ತಪ್ಪು ಎಂದಾಯಿತಲ್ಲ ಎಂದು ಕೇಳಿದಳು. ಉಪನ್ಯಾಸಕರು, ತಪ್ಪು ಎಂದು ಯಾರೂ ಹೇಳಿಲ್ಲ, ಪ್ರಶ್ನೆಯಲ್ಲಿ ದೋಷ ಎಂದಿದ್ದಾರೆ ಅಷ್ಟೆ ಎಂದರು. ಅವರು ಹೇಳಿದ್ದು ನಿಜವೇ ಆಗಿತ್ತು. ಮಂಡಳಿಯವರು ಹಾಗೆಯೇ ಬರೆದಿದ್ದರು.

ಸಾವಂತ್ರಿ ಕೈ ಒರೆಸಿಕೊಂಡಳು. ಮರುದಿನ ರಜೆ ಹಾಕಿ ಮಂಡಳಿಯ ಕಚೇರಿಗೆ ಹೋಗುವುದೆಂದು ತೀರ್ಮಾನಿಸಿದಳು.

ಸಂಜೆ ಅದನ್ನು ನೀಲಗಂಗಾಳಿಗೆ ಹೇಳಿದಳು. ಮುಚ್ಚಿಟ್ಟು ಹೋಗುವುದು ಸರಿಯಲ್ಲ ಎಂದು ಹೇಳಿದಳು. ನೀಲಗಂಗಾ ಮೊದಲು ನಕ್ಕಳು. ಆಮೇಲೆ ಅವಳ ಮುಖ ಬಿಳಿಚಿತು. ಗುರುತು ಹಾಕಿದವರ ಪೈಕಿ ಯಾರ ಅಂಕ ಉಳಿಯುತ್ತದೆ, ಯಾರದು ಹೋಗುತ್ತದೆ ಎಂದು ಅವಳು ಕೂಡಲೇ ಅರ್ಥ ಮಾಡಿಕೊಂಡಿದ್ದಳು.

"ನಿನ್ನ ಹೆಸರು ಪಟ್ಟಿಯೊಳಗೈತಿ. ನನ್ನ ಹೆಸರೂ ಐತಿ. ಮತ್ತೇನು ಬೇಕಕ್ಕಾ ನಿನಗ?"

"ಅದು ಕರಗತೈತಿ, ನೀಲಾ. ನೀನೂ ಕಂಡೀದಿ" ಎಂದಳು ಸಾವಂತ್ರಿ.

ನೀಲಗಂಗಾ ಬೇಡಿಕೊಂಡಳು, ಬೈದಳು, ಆಮೇಲೆ ಎದ್ದು ಹೋದಳು. ಆ ಸಂಜೆ ಸಾವಂತ್ರಿ ಮನೆಗೆ ನಡೆದುಹೋದಳು. ಹೋಗಬಾರದು ಎಂದು ದಾರಿಯಲ್ಲಿ ಎರಡು ಸಲ ಅನ್ನಿಸಿತಂತೆ. ಬೆಳಿಗ್ಗೆ ಎದ್ದು ಬಸ್ಸು ಹತ್ತಿದಳು.

ಕಚೇರಿಯ ಗುಮಾಸ್ತನಿಗೆ ಅವಳ ಮಾತು ತಿಳಿಯಲಿಲ್ಲ. ಅಂಕ ಬಂದಿಲ್ಲ ಎಂದು ಬರುವವರನ್ನು ಅವನು ದಿನವೂ ನೋಡುತ್ತಿದ್ದ. ಅಂಕ ಬಂದಿದೆ ಎಂದು ತಕರಾರು ತಂದವಳನ್ನು ಅದೇ ಮೊದಲು ನೋಡಿದ್ದು. ಅವನು ಅವಳನ್ನು ಅಧಿಕಾರಿಯ ಬಳಿಗೆ ಕಳಿಸಿದ.

ಅಧಿಕಾರಿ ಸಮಾಧಾನದ ಮನುಷ್ಯ. ಕೂರಿಸಿ ಕೇಳಿದ. ನಿಮಗೆ ಒಂದು ಅಂಕ ಸಿಕ್ಕಿದೆ, ಹೆಸರು ಪಟ್ಟಿಯಲ್ಲಿದೆ, ಇನ್ನೊಂದು ವಾರ ಸುಮ್ಮನಿದ್ದರೆ ಆದೇಶ ಕೈಗೆ ಬರುತ್ತದೆ ಎಂದು ಬಿಡಿಸಿ ಹೇಳಿದ. ಸಾವಂತ್ರಿ ಎದ್ದು ನಿಂತಳು.

"ನನಗ ಕೃಪಾ ಬ್ಯಾಡ್ರೀ ಸರ್. ಪ್ರಶ್ನಿ ತಪ್ಪಿಲ್ಲ, ಉತ್ತರ ತಪ್ಪೈತಿ. ಅದನ್ನ ಸರಿ ಮಾಡ್ರಿ."

ಅಧಿಕಾರಿ ಕನ್ನಡಕ ತೆಗೆದಿಟ್ಟ. ಹಾಗಾದರೆ ತಜ್ಞರ ಮುಂದೆ ಇಡಬೇಕಾಗುತ್ತದೆ ಎಂದ. ತಜ್ಞರು ಮೊದಲಿನ ಉತ್ತರವೇ ಸರಿ ಎಂದರೆ ನಿಮ್ಮ ಕೃಪಾಂಕ ಹೋಗುತ್ತದೆ, ಪಟ್ಟಿಯಿಂದ ಹೆಸರೂ ಹೋಗುತ್ತದೆ, ಅದಕ್ಕೆ ಒಪ್ಪಿ ಮುಚ್ಚಳಿಕೆ ಬರೆದುಕೊಡಬೇಕು ಎಂದ. ಅವಳು ಹೆದರಿ ಹಿಂದಿರುಗುತ್ತಾಳೆ ಎಂದುಕೊಂಡಿದ್ದ. ಸಾವಂತ್ರಿ ಬಿಳಿ ಹಾಳೆ ಕೇಳಿದಳು. ಅಲ್ಲಿಯೇ ನಿಂತು ಬರೆದು ಸಹಿ ಮಾಡಿದಳು.

ಆದೇಶಗಳೆಲ್ಲ ತಡೆಹಿಡಿಯಲ್ಪಟ್ಟವು. ನಾಲ್ಕು ತಿಂಗಳು ಕಳೆಯಿತು. ಆ ನಾಲ್ಕು ತಿಂಗಳು ಅವಳಿಗೆ ಹಗುರವಾಗಿರಲಿಲ್ಲ. ಪಟ್ಟಿಯಲ್ಲಿದ್ದ ಉಳಿದವರು ಕಾಲೇಜಿಗೆ ಬಂದು ಅವಳನ್ನು ಹೊರಗೆ ಕರೆದು ಕೂಗಾಡಿದರು. ಪ್ರಾಂಶುಪಾಲರು, ನೀನು ಸುಮ್ಮನಿರಬಾರದಿತ್ತೇ ಎಂದರು. ಗಂಡನಿಗೆ ಅವಳ ಮಾತು ಅರ್ಥವಾಗುತ್ತಿತ್ತು, ಆದರೂ ಬೇಸರವಾಗಿತ್ತು. ಹಿಂದಿನ ಮೆಟ್ಟಿಲ ಮೇಲೆ ಅವಳು ಒಬ್ಬಳೇ ರೊಟ್ಟಿ ತಿಂದಳು. ಮುಚ್ಚಳಿಕೆಯನ್ನು ಹಿಂದಕ್ಕೆ ತೆಗೆದುಕೊಳ್ಳಬಹುದು ಎಂದು ಕಚೇರಿಯಿಂದ ಒಂದು ಸಲ ಹೇಳಿಕಳಿಸಿದರು. ತೆಗೆದುಕೊಳ್ಳುವುದಿಲ್ಲ ಎಂದು ಅವಳು ಬರೆದು ಕಳಿಸಿದಳು.

ಕೊನೆಗೆ ಕರೆ ಬಂತು. ಮೂವರು ತಜ್ಞರು. ಮಂಡಳಿಯ ಕಚೇರಿಗೆ ಹತ್ತಿರವಿದ್ದ ಒಂದು ಕಾಲೇಜಿನ ಲ್ಯಾಬಿನಲ್ಲಿ ಸೇರಿದರು. ಮೊದಲು ಪುಸ್ತಕ ತೆಗೆದರು. ಒಂದು ಪುಸ್ತಕದಲ್ಲಿ ಲೆಡ್ ಅಯೊಡೈಡ್ ನೀರಿನಲ್ಲಿ ಕರಗದು ಎಂದಿತ್ತು. ತಣ್ಣೀರೋ ಬಿಸಿನೀರೋ ಎಂದು ಬರೆದಿರಲಿಲ್ಲ. ಅವರಲ್ಲಿ ಹಿರಿಯರು, ಮಾತು ಯಾಕೆ, ಮಾಡಿಯೇ ನೋಡೋಣ ಎಂದರು.

ಇನ್ನೊಬ್ಬ ತಜ್ಞರು ತಾವೇ ಮಾಡಿದರು. ಲೆಡ್ ನೈಟ್ರೇಟ್ ದ್ರಾವಣಕ್ಕೆ ಪೊಟ್ಯಾಸಿಯಂ ಅಯೊಡೈಡ್ ಸುರಿದರು. ಅರ್ಧ ಟ್ಯೂಬು ಹಳದಿಯಾಯಿತು. ದೀಪದ ಮೇಲೆ ಹಿಡಿದರು. ಬಿಸಿಯಾಯಿತು. ಹಳದಿ ಹಾಗೆಯೇ ಉಳಿಯಿತು. ಇನ್ನೂ ಸ್ವಲ್ಪ ಹೊತ್ತು ಹಿಡಿದರು. ಉಳಿಯಿತು.

ನೋಡಮ್ಮ ಎಂದು ಅವರು ಟ್ಯೂಬನ್ನು ಸ್ಟ್ಯಾಂಡಿನಲ್ಲಿಟ್ಟರು. ಮೂರನೆಯವರು ಬರೆದುಕೊಳ್ಳಲು ಪೆನ್ನು ತೆಗೆದರು.

ಆದರೆ ಸಾವಂತ್ರಿ ಆ ಹಳದಿಯನ್ನು ಒಂಬತ್ತು ವರ್ಷ ತೊಳೆದಿದ್ದಳು.

"ತಡೀರಿ ಸರ್. ಪುಡಿ ಭಾಳಾತು, ನೀರು ಕಡಿಮ್ಯಾತು. ನನಗೊಂದು ಟ್ಯೂಬ್ ಕೊಡ್ರಿ."

ಹಿರಿಯರು ಕೊಡಿ ಎಂದರು. ಅವಳು ಟ್ಯೂಬನ್ನು ಮೊದಲು ಬೆಳಕಿಗೆ ಹಿಡಿದು ನೋಡಿದಳು, ಚೊಕ್ಕಟವಾಗಿರಲಿಲ್ಲ. ಇನ್ನೊಂದು ತೆಗೆದುಕೊಂಡಳು. ಆ ಹಳದಿಯಿಂದ ನಾಲ್ಕೇ ಹನಿ ಹಾಕಿದಳು. ಮುಕ್ಕಾಲು ಟ್ಯೂಬು ನೀರು ತುಂಬಿದಳು. ನೀರು ಉಕ್ಕದಂತೆ ಟ್ಯೂಬನ್ನು ಓರೆಯಾಗಿ ಆಡಿಸುತ್ತ ಕಾಸಿದಳು. ಕುದಿ ಬಂತು. ಹಳದಿ ತೆಳುವಾಯಿತು, ಇನ್ನೂ ತೆಳುವಾಯಿತು, ಇಲ್ಲವಾಯಿತು. ಟ್ಯೂಬಿನಾಚೆ ನಿಂತಿದ್ದವರ ಮುಖ ಕಾಣುವಷ್ಟು ತಿಳಿಯಾಯಿತು.

ಮೂರನೆಯವರು ಪೆನ್ನು ಕೆಳಗಿಟ್ಟರು. ಅವಳು ಟ್ಯೂಬನ್ನು ಸ್ಟ್ಯಾಂಡಿನಲ್ಲಿಟ್ಟು, ಇನ್ನೂ ಸ್ವಲ್ಪ ಹೊತ್ತು ನಿಲ್ಲಬೇಕೆಂದು ಕೇಳಿಕೊಂಡಳು. ಎಲ್ಲರೂ ನಿಂತರು. ನೀರು ತಣಿಯಿತು. ಏನೂ ಇಲ್ಲದಲ್ಲಿ ಒಂದು ಹೊಳಪು ಕಾಣಿಸಿತು. ಆಮೇಲೆ ಇನ್ನೊಂದು. ಚಿನ್ನದ ರೇಕಿನಂಥ ಹರಳುಗಳು ಮೇಲಿನಿಂದ ಕೆಳಕ್ಕೆ ಮಿನುಗುತ್ತ ಇಳಿದವು. ಮೊದಲು ಪ್ರಯೋಗ ಮಾಡಿದ ತಜ್ಞರು ಬಾಗಿ, ಟ್ಯೂಬಿಗೆ ಮುಖ ತಾಗುವಷ್ಟು ಹತ್ತಿರ ಹೋಗಿ ನೋಡಿದರು. ತಾನು ಇದನ್ನು ಓದಿದ್ದೆ, ನೋಡಿರಲಿಲ್ಲ ಎಂದು ಮೆಲ್ಲಗೆ ಹೇಳಿದರು. ಆ ಮಾತು ಹೇಳಲು ಅವರಿಗೂ ಧೈರ್ಯ ಬೇಕಿತ್ತು.

ಹಿರಿಯರು ತೀರ್ಪು ಬರೆದರು. ಪ್ರಶ್ನೆಯಲ್ಲಿ ದೋಷವಿಲ್ಲ. ಸರಿಯುತ್ತರ ಲೆಡ್ ಅಯೊಡೈಡ್. ಕೃಪಾಂಕ ರದ್ದು. ಅವರು ಬರೆಯುವಷ್ಟರಲ್ಲಿ ಸಾವಂತ್ರಿ ಸಿಂಕಿನ ಬಳಿ ಹೋಗಿ ಅಲ್ಲಿದ್ದ ಟ್ಯೂಬುಗಳನ್ನು ತೊಳೆದಿಟ್ಟಳು. ಯಾರೂ ಹೇಳಿರಲಿಲ್ಲ.

ಪಟ್ಟಿ ಬದಲಾಯಿತು. ಗೈಡಿನ ಉತ್ತರ ಬರೆದವರಿಗೆಲ್ಲ ಒಂದೊಂದು ಅಂಕ ಇಳಿಯಿತು. ಸಾವಂತ್ರಿ ಹತ್ತರಿಂದ ನಾಲ್ಕಕ್ಕೆ ಏರಿದಳು. ಸರಿಯುತ್ತರ ಬರೆದು ಪಟ್ಟಿಯ ಹೊರಗೆ ಉಳಿದಿದ್ದ ಇಬ್ಬರು ಒಳಗೆ ಬಂದರು. ಇಬ್ಬರು ಹೊರಗೆ ಹೋದರು. ಅವರಲ್ಲಿ ಒಬ್ಬಳು ನೀಲಗಂಗಾ.

ಸಾವಂತ್ರಿ ಅವಳ ಮನೆಗೆ ಹೋದಳು. ನೀಲಗಂಗಾ ಬಾಗಿಲು ಹಾಕಿಕೊಳ್ಳಲಿಲ್ಲ. ಕುಡಿಯಲು ನೀರು ಕೊಟ್ಟಳು. ಕೂರು ಎಂದಳು. ಸಾವಂತ್ರಿ ನೀರು ಕುಡಿದು, ಸ್ವಲ್ಪ ಹೊತ್ತು ಕೂತು, ಎದ್ದು ಬಂದಳು. ಕ್ಷಮಿಸು ಎಂದು ಕೇಳಲಿಲ್ಲ. ಕೇಳಿದರೆ ಸುಳ್ಳಾಗುತ್ತಿತ್ತು ಎಂದು ಅವಳು ನನಗೆ ಹೇಳಿದ್ದಾಳೆ.

ಅವಳಿಗೆ ಬೇರೆ ಊರಿನ ಕಾಲೇಜಿಗೆ ಆದೇಶ ಬಂತು. ಅಲ್ಲಿ ಲ್ಯಾಬ್ ಸಹಾಯಕಿಯಾಗಿ ಸೇರಿದಳು. ಪ್ರತಿವರ್ಷ ಹೊಸದಾಗಿ ಬಂದ ಮಕ್ಕಳಿಗೆ ಮೊದಲ ದಿನವೇ ಆ ಹಳದಿಯನ್ನು ಕಾಸಿ ತೋರಿಸುತ್ತಿದ್ದಳು. ಗೈಡಿನವರು ಮರುಮುದ್ರಣದಲ್ಲಿ ಆ ಸಾಲನ್ನು ಸದ್ದಿಲ್ಲದೆ ತೆಗೆದುಹಾಕಿದರು. ನೀಲಗಂಗಾ ಮತ್ತೆ ಓದಿದಳು. ಮುಂದಿನ ಪರೀಕ್ಷೆ ಬರುವುದಕ್ಕೆ ಮೂರು ವರ್ಷ ಹಿಡಿಯಿತು. ಆ ಸಲ ಅವಳೂ ಆಯ್ಕೆಯಾದಳು. ಈಗ ಹಬ್ಬಕ್ಕೆ ಒಬ್ಬರ ಮನೆಗೆ ಒಬ್ಬರು ಹೋಗಿಬರುತ್ತಾರೆ. ಮಕ್ಕಳ ಮಾತು ಆಡುತ್ತಾರೆ, ಆರೋಗ್ಯದ ಮಾತು ಆಡುತ್ತಾರೆ. ಆ ಒಂದು ಮಾತನ್ನು ಮಾತ್ರ ಇಬ್ಬರೂ ಎತ್ತುವುದಿಲ್ಲ.

ಗುರುಗಳು ಇಲ್ಲಿಗೆ ನಿಲ್ಲಿಸಿದರು.

ತನುಜಾಳ ಮುಖದಲ್ಲಿ ಸಿಟ್ಟು ಇನ್ನೂ ಇತ್ತು. ಈಗ ಅದು ಯಾರ ಮೇಲಿನದೆಂದು ಅವಳಿಗೇ ತಿಳಿಯುತ್ತಿರಲಿಲ್ಲ. ಅವಳು ಕೇಳಿದಳು:

"ಒಂದು ಅಂಕಕ್ಕಾಗಿ ಗೆಳತಿಯ ಮೂರು ವರ್ಷ ಕಳೆಯಬೇಕಿತ್ತೇ, ಗುರುಗಳೇ?"

"ಆ ಅಂಕವನ್ನು ಸಾವಂತ್ರಿಗೆ ಮೊದಲೇ ಕೊಟ್ಟಿದ್ದರಲ್ಲ, ಮಗಳೇ" ಎಂದರು ಗುರುಗಳು.